ಗುಡ್ಡಗಾಡಿನ ಟ್ರೆಕ್‌ನಲ್ಲಿ ತಪ್ಪಿದ ಒಂದು ಊಟ: ತುಮಕೂರು ಕಡೆ ತಂಡವೊಂದರ ಪ್ರಕರಣ

ಥೈಲ್ಯಾಂಡಿನ ಉತ್ತರಕ್ಕೆ ಚಿಯಾಂಗ್ ಮಾಯ್ ಅಂತ ಊರಿದೆ, ಅಲ್ಲಿಂದ ಗೈಡ್ ಜೊತೆ ಮೂರು ದಿನ ಎರಡು ರಾತ್ರಿ ಕಾಡಲ್ಲಿ ನಡ್ಕೊಂಡು ಹೋಗಿ ಬುಡಕಟ್ಟಿನವರ ಹಳ್ಳಿಗಳಲ್ಲಿ ಉಳ್ಕೊಳ್ಳೋ ಟ್ರೆಕ್‌ಗಳು ಬಹಳ ವರ್ಷದಿಂದ ನಡೀತಿವೆ, ಈಗ ನಮ್ಮ ಕಡೆಯಿಂದಲೂ ಜನ ಹೋಗೋಕೆ ಶುರು ಮಾಡಿದಾರೆ. ಹಂಗೆ ಹೋದ ತುಮಕೂರು ಜಿಲ್ಲೆಯ ಏಳು ಜನರ ತಂಡದಲ್ಲಿ ಏನಾಯ್ತು ಅಂತ ಇಲ್ಲಿ ಬರೀತಿದೀನಿ. ಹೆಸರುಗಳೆಲ್ಲ ಬದಲಾಯಿಸಿದೀನಿ, ಅವರ ತಾಲ್ಲೂಕು, ಉಳ್ಕೊಂಡ ಹಳ್ಳಿಗಳ ಹೆಸರು, ಏಜೆಂಟ್ ಯಾರು ಅನ್ನೋದು ಯಾವುದೂ ಇಲ್ಲಿಲ್ಲ. ನಾನು ಆ ತಂಡದಲ್ಲಿ ಇರ್ಲಿಲ್ಲ, ವಾಪಸ್ ಬಂದ್ಮೇಲೆ ಒಬ್ಬೊಬ್ರ ಹತ್ರಾನೂ ಬೇರೆಬೇರೆಯಾಗಿ ಕೂತು ಕೇಳಿದೀನಿ, ಗೈಡ್ ಹತ್ರಾನೂ ಫೋನಲ್ಲಿ ನಿಧಾನಕ್ಕೆ ಮಾತಾಡಿದೀನಿ, ಎಲ್ಲರೂ ಬರೀರಿ ಅಂತ ಒಪ್ಪಿದಾರೆ.

ಯಾರ ಪ್ರಾಣಕ್ಕೂ ಏನೂ ಆಗ್ಲಿಲ್ಲ, ಮೊದಲೇ ಹೇಳ್ಬಿಡ್ತೀನಿ. ಆದ್ರೆ ಆಗೋ ಹಂಗಿತ್ತು, ಮತ್ತೆ ಅದಕ್ಕೆ ಕಾರಣ ಜಾರೋ ಬಂಡೆನೂ ಅಲ್ಲ ಹಾವೂ ಅಲ್ಲ, ಊಟ.

ಹಿನ್ನೆಲೆ

ತಂಡದಲ್ಲಿ ಇದ್ದೋರು ರಿಟೈರ್ ಆದ ಹೈಸ್ಕೂಲ್ ಮೇಷ್ಟ್ರು, ಅವರ ಹೆಂಡ್ತಿ ಸರೋಜಕ್ಕ, ಸರೋಜಕ್ಕನ ತಂಗಿ ಗಿರಿಜಮ್ಮ, ಗಿರಿಜಮ್ಮನ ಮಗಳು ದಿವ್ಯಾ, ಕೋಆಪರೇಟಿವ್ ಬ್ಯಾಂಕ್‌ನಲ್ಲಿ ಕೆಲಸ ಮಾಡೋ ಪ್ರಕಾಶಣ್ಣ, ಅವರ ಮನೆಯವರು, ಆಮೇಲೆ ಪ್ರಕಾಶಣ್ಣನ ಸ್ನೇಹಿತ ಮಂಜು. ಟ್ರಿಪ್ ಎಲ್ಲಾ ಓಡಾಡಿ ಹೊಂದಿಸಿದ್ದು ಪ್ರಕಾಶಣ್ಣ. ಅಕ್ಕ ತಂಗಿ ಇಬ್ರೂ ಕಟ್ಟುನಿಟ್ಟು ಸಸ್ಯಾಹಾರಿಗಳು, ಮೊಟ್ಟೆನೂ ಮುಟ್ಟಲ್ಲ. ಮೇಷ್ಟ್ರು ಮೊಟ್ಟೆ ತಿಂತಾರೆ, ಉಳಿದೋರಿಗೆ ಎಲ್ಲಾ ಆಗುತ್ತೆ.

ಸರೋಜಕ್ಕಂಗೆ ಐವತ್ತಾರು ವರ್ಷ, ಶುಗರ್ ಇದೆ. ಇನ್ಸುಲಿನ್ ಇಲ್ಲ, ಬರೀ ಮಾತ್ರೆ, ಮೆಟ್‌ಫಾರ್ಮಿನ್ ಮತ್ತೆ ಗ್ಲಿಮೆಪಿರೈಡ್ ಎರಡೂ ಸೇರಿರೋದು, ಬೆಳಗ್ಗೆ ತಿಂಡಿಗೆ ಮುಂಚೆ ಒಂದು. ನಮ್ಮ ಕಡೆ ಶುಗರ್ ಇರೋ ಮನೆಗಳಲ್ಲಿ ಈ ಜೋಡಿ ಮಾತ್ರೆ ಸಾಮಾನ್ಯ. ಇದ್ರಲ್ಲಿ ಮೆಟ್‌ಫಾರ್ಮಿನ್ ಒಂದೇ ಆದ್ರೆ ಶುಗರ್ ತೀರಾ ಕೆಳಗೆ ಇಳಿಯೋದು ಅಪರೂಪ, ಗ್ಲಿಮೆಪಿರೈಡ್ ಹಂಗಲ್ಲ, ಅದು ನೀವು ಉಂಡ್ರೂ ಉಣ್ಣದಿದ್ರೂ ಇನ್ಸುಲಿನ್ ಬಿಡು ಅಂತ ಮೇದೋಜೀರಕ ಗ್ರಂಥಿನ ಒತ್ತಾಯಿಸ್ತಾನೇ ಇರುತ್ತೆ, ಅದರ ಪ್ರಭಾವ ಹೆಚ್ಚುಕಮ್ಮಿ ಇಡೀ ದಿನ ಇರುತ್ತೆ. ಇದು ಮುಂದಕ್ಕೆ ಬೇಕಾಗೋ ವಿಷಯ.

ಹೊರಡೋಕೆ ಮುಂಚೆ ತಯಾರಿ ಚೆನ್ನಾಗೇ ಮಾಡಿದ್ರು. ದೇವರಾಯನದುರ್ಗ, ಸಿದ್ಧರಬೆಟ್ಟ, ಮಧುಗಿರಿ ಏಕಶಿಲೆ ಬೆಟ್ಟ, ಎಲ್ಲಾ ಹತ್ತಿದ್ರು, ಮಧುಗಿರಿಯ ಮೇಲ್ಗಡೆ ಕಂಬಿ ಹಿಡ್ಕೊಂಡು ಹತ್ತೋ ಜಾಗದಲ್ಲೂ ಸರೋಜಕ್ಕ ಯಾರ ಕೈನೂ ಹಿಡೀಲಿಲ್ಲವಂತೆ. ಹಂಗಾಗಿ ಅವರಿಗೆ ನಡೆಯೋಕೆ ಆಗುತ್ತಾ ಅನ್ನೋ ಅನುಮಾನ ಯಾರಿಗೂ ಉಳೀಲಿಲ್ಲ. ಆದ್ರೆ ಒಂದು ನೋಡಿ, ಈ ಎಲ್ಲಾ ಹತ್ತಾಟನೂ ಕ್ಯಾತ್ಸಂದ್ರದಲ್ಲೋ ಇನ್ನೆಲ್ಲೋ ತಟ್ಟೆ ಇಡ್ಲಿ ಹೊಟ್ಟೆ ತುಂಬಾ ತಿಂದ್ಮೇಲೆ ಆಗಿದ್ದು, ಮೇಲೆ ಹೋದ್ರೆ ಚಿತ್ರಾನ್ನದ ಡಬ್ಬಿ, ಮಜ್ಜಿಗೆ, ಮಧ್ಯಾಹ್ನದೊತ್ತಿಗೆ ಮನೆ. ಕಾಲು ಮತ್ತೆ ಉಸಿರಿಗೆ ಪರೀಕ್ಷೆ ಆಯ್ತು, ಮಾತ್ರೆ ಮತ್ತೆ ಹೊಟ್ಟೆಗೆ ಆಗ್ಲೇ ಇಲ್ಲ. ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯ ಅನ್ಸಿದ್ದು ಇದೇ.

ಬುಕ್ ಮಾಡಿದ್ದು ಬೆಂಗಳೂರಿನ ಒಬ್ಬ ಏಜೆಂಟ್ ಮೂಲಕ. ಅವರು ಕೊಟ್ಟ ಕಾಗದ ನಾನೂ ನೋಡಿದೀನಿ. ಆನೆ ಬಗ್ಗೆ ಒಂದು ಪ್ಯಾರಾ, ಬಿದಿರಿನ ತೆಪ್ಪದ ಬಗ್ಗೆ ಒಂದು ಪ್ಯಾರಾ, ಕೊನೇ ದಿನ ಕತ್ತಿಗೆ ಹಿತ್ತಾಳೆ ಸುರುಳಿ ಹಾಕೊಳ್ಳೋ ಕಯಾನ್ ಹೆಂಗಸರ ಹಳ್ಳಿಗೆ ಟಿಕೆಟ್ ಸಮೇತ ಕರ್ಕೊಂಡು ಹೋಗ್ತೀವಿ ಅಂತ ಫೋಟೋ ಹಾಕಿ ಅರ್ಧ ಪುಟ. ಊಟಕ್ಕೆ ಒಂದೇ ಸಾಲು, ವೆಜ್ ಸಿಗುತ್ತೆ. ಗಿರಿಜಮ್ಮ ಎರಡು ಸಲ ಫೋನ್ ಮಾಡಿ ಕೇಳಿದ್ರಂತೆ, ಎರಡು ಸಲಾನೂ ಅದೇ ಉತ್ತರ, ಏನೂ ಯೋಚನೆ ಮಾಡ್ಬೇಡಿ ಮೇಡಂ ವೆಜ್ ಸಿಗುತ್ತೆ.

(ಕಯಾನ್ ಹಳ್ಳಿ ಭೇಟಿನ ತಂಡ ಹೊರಡೋಕೆ ಮುಂಚೆನೇ ಕೈಬಿಡ್ತು. ದಿವ್ಯಾ ಓದಿ ಎಲ್ಲರಿಗೂ ಹೇಳಿದ್ಲು, ಅವರು ಮಯನ್ಮಾರ್‌ನಿಂದ ಗಲಾಟೆ ತಪ್ಪಿಸ್ಕೊಂಡು ಬಂದೋರು, ಚಿಯಾಂಗ್ ಮಾಯ್ ಹತ್ರ ಪ್ರವಾಸಿಗರಿಗೋಸ್ಕರಾನೇ ಕಟ್ಟಿರೋ ಅಂಥ ಜಾಗಗಳಲ್ಲಿ ಟಿಕೆಟ್ ಕೊಟ್ಟು ಮನುಷ್ಯರನ್ನ ನೋಡೋದು ಬೇಡ ಅಂತ. ಒಳ್ಳೇ ತೀರ್ಮಾನ, ಆದ್ರೆ ಅದರ ಬಗ್ಗೆ ಅಷ್ಟೊತ್ತು ಚರ್ಚೆ ಮಾಡಿದ ತಂಡ ಊಟದ ಆ ಒಂದು ಸಾಲಿನ ಮೇಲೆ ನಿಲ್ಲಲೇ ಇಲ್ಲ.)

ಹೋಗಿದ್ದು ಡಿಸೆಂಬರ್‌ನಲ್ಲಿ. ಅದು ಸರಿಯಾದ ಕಾಲ, ಮಳೆ ನಿಂತಿರುತ್ತೆ, ಜಿಗಣೆ ಕಾಟ ಇರಲ್ಲ, ಫೆಬ್ರವರಿ ಕೊನೆಯಿಂದ ಏಪ್ರಿಲ್‌ವರೆಗೂ ಹೊಲ ಕಾಡು ಸುಡೋ ಹೊಗೆ ಆ ಕಡೆ ಪೂರ್ತಿ ತುಂಬ್ಕೊಳ್ಳುತ್ತೆ, ಆಗ ಯಾರೂ ಹೋಗ್ಬಾರ್ದು. ನಡೆದ ಜಾಗ ಚಿಯಾಂಗ್ ಮಾಯ್‌ಗೆ ನೈಋತ್ಯಕ್ಕೆ ಮೇ ವಾಂಗ್ ಅಂತ, ಥೈಲ್ಯಾಂಡಿನ ಅತಿ ಎತ್ತರದ ಬೆಟ್ಟ ಡೊಯಿ ಇಂತನಾನ್ ಅದರ ಪಕ್ಕದಲ್ಲೇ ಬರುತ್ತೆ. ಉಳ್ಕೋಬೇಕಿದ್ದ ಎರಡೂ ಹಳ್ಳಿ ಕರೆನ್ ಜನರದ್ದು, ಆ ದೇಶದ ಗುಡ್ಡಗಾಡಿನ ಬುಡಕಟ್ಟುಗಳಲ್ಲಿ ಇವರೇ ಹೆಚ್ಚು ಸಂಖ್ಯೆಲಿ ಇರೋದು. ಗೈಡ್ ಕೂಡಾ ಕರೆನ್, ಸರ್ಕಾರದ ಲೈಸೆನ್ಸ್ ಕಾರ್ಡ್ ಕತ್ತಲ್ಲಿ ಹಾಕ್ಕೊಂಡೇ ಬಂದಿದ್ದರು, ಜೊತೆಗೆ ಅಡುಗೆ ಸಾಮಾನು ಹೊರೋಕೆ ಒಬ್ಬ ಹುಡುಗ, ಅವನಿಗೆ ಇಂಗ್ಲಿಷ್ ಬರಲ್ಲ.

ಮೊದಲ ರಾತ್ರಿ

ಮೊದಲ ದಿನ ನಡಿಗೆ ಚೆನ್ನಾಗಿತ್ತು. ಮೆಟ್ಟಿಲುಮೆಟ್ಟಿಲಾದ ಗದ್ದೆ, ಕೊಯ್ಲು ಮುಗಿದು ಕೂಳೆ ನಿಂತಿತ್ತು, ಆಮೇಲೆ ಒಂದಷ್ಟು ಜಾಗ ಬೆಳೆ ತೆಗೆದು ಬೀಳು ಬಿಟ್ಟಿದ್ದು. ಕರೆನ್ನರು ಒಂದು ತುಂಡು ಕಾಡು ಕಡಿದು ಸುಟ್ಟು ಒಂದು ವರ್ಷ ಭತ್ತ ಬೆಳೆದು ಆಮೇಲೆ ಅದನ್ನ ವರ್ಷಗಟ್ಟಲೆ ಕಾಡಿಗೇ ಬಿಟ್ಬಿಡ್ತಾರೆ, ನಮ್ಮ ಮಲೆನಾಡಲ್ಲಿ ಹಿಂದೆ ಇತ್ತಲ್ಲ ಕುಮರಿ ಬೇಸಾಯ, ಅದೇ ಅಂತ ಮೇಷ್ಟ್ರು ಎಲ್ಲರಿಗೂ ವಿವರಿಸ್ಕೊಂಡು ಹೋದ್ರಂತೆ. ಸಂಜೆ ಹಳ್ಳಿ ಸೇರಿದ್ರು. ಬಿದಿರು ಮರದ ಮನೆ, ಕಂಬದ ಮೇಲೆ ಎತ್ತರಿಸಿ ಕಟ್ಟಿರೋದು, ಕೆಳಗಡೆ ಹಂದಿ ಕೋಳಿ, ಮೇಲೆ ಒಳಗಡೆನೇ ಒಲೆ.

ಇಂಥ ಟ್ರೆಕ್‌ಗಳಲ್ಲಿ ಅಡುಗೆ ಸಾಮಾನ್ಯವಾಗಿ ಗೈಡೇ ಮಾಡೋದು, ಮನೆಯವರಲ್ಲ. ಅವತ್ತೂ ಹಂಗೇ, ಗೈಡು ಪೇಟೆಯಿಂದ ತಂದಿದ್ದ ತೋಫು (ಸೋಯಾ ಪನೀರ್), ತರಕಾರಿ ಹಾಕಿ ಹಸಿರು ಕರಿ, ಇನ್ನೊಂದು ಎಲೆಕೋಸಿನ ಪಲ್ಯ ಮಾಡಿದ್ರು. ಮಾಂಸದ ತುಂಡು ಒಂದೂ ಇರ್ಲಿಲ್ಲ. ಆದ್ರೆ ಥಾಯ್ ಕರಿ ಮಸಾಲೆಲಿ ಸಾಮಾನ್ಯವಾಗಿ ಸೀಗಡಿ ಪೇಸ್ಟ್ ಅರೆದಿರ್ತಾರೆ, ಪಲ್ಯಕ್ಕೆ ಉಪ್ಪಿನ ಬದ್ಲು ಮೀನಿನ ಸಾಸು, ಇಲ್ಲಾಂದ್ರೆ ಆಯ್ಸ್ಟರ್ (ಚಿಪ್ಪಿನ ಸಮುದ್ರಜೀವಿ) ಸಾಸು ಬೀಳುತ್ತೆ. ಸರೋಜಕ್ಕ ತಟ್ಟೆ ಹತ್ರ ತಂದ ತಕ್ಷಣ ವಾಸನೆ ಗೊತ್ತಾಯ್ತು. ಗಿರಿಜಮ್ಮಂಗೂ.

ಇಲ್ಲಿ ಗೈಡ್‌ನ ದೂರೋಕೆ ಆಗಲ್ಲ. ಅವರ ಹತ್ರ ಬಂದಿದ್ದ ಚೀಟಿ ನನಗೆ ಓದಿ ಹೇಳಿದ್ರು, ಇಬ್ಬರಿಗೆ ಮಾಂಸ ಬೇಡ ಅಂತ ಅಷ್ಟೇ ಇತ್ತು. ತುಮಕೂರಿಂದ ಬೆಂಗಳೂರು, ಅಲ್ಲಿಂದ ಬ್ಯಾಂಕಾಕ್‌ನ ಇನ್ನೊಬ್ಬ ಏಜೆಂಟ್, ಅಲ್ಲಿಂದ ಚಿಯಾಂಗ್ ಮಾಯ್‌ನ ಆಫೀಸು, ಅಲ್ಲಿಂದ ಗೈಡು, ಇಷ್ಟು ಕೈ ದಾಟೋ ಹೊತ್ತಿಗೆ ಗಿರಿಜಮ್ಮ ಹೇಳಿದ್ದರಲ್ಲಿ ಉಳಿದಿದ್ದು ಅಷ್ಟು. ಶುಗರ್ ವಿಷಯ ಆ ಚೀಟಿಲಿ ಇರಲೇ ಇಲ್ಲ, ಯಾಕಂದ್ರೆ ಅದನ್ನ ಯಾರೂ ಏಜೆಂಟ್‌ಗೆ ಹೇಳಿರ್ಲಿಲ್ಲ, ಹೇಳಿದ್ರೆ ಟ್ರೆಕ್‌ಗೆ ಸೇರಿಸ್ಕೊಳ್ಳಲ್ವೇನೋ ಅನ್ನೋ ಭಯ.

ಆ ರಾತ್ರಿ ಇಬ್ರೂ ಬರೀ ಅನ್ನ, ಎರಡು ಬಾಳೆಹಣ್ಣು ತಿಂದು ಮಲಗಿದ್ರು. ಯಾರಿಗೂ ಹೇಳ್ಲಿಲ್ಲ. ಯಾಕೆ ಹೇಳ್ಲಿಲ್ಲ ಅಂತ ಸರೋಜಕ್ಕನ್ನ ಕೇಳಿದೆ. ಅವರು ಹೇಳಿದ್ದು ಹಂಗೇ ಹಾಕ್ತಿದೀನಿ: "ಪಾಪ ಆ ಹುಡುಗ ಅಷ್ಟು ದೂರ ಹೊತ್ಕೊಂಡ್ ಬಂದು ಹೊಗೇಲಿ ಕೂತು ಮಾಡಿದಾನೆ, ನಮ್ಮ ಮುಂದೆನೇ ಮನೆಯಾಕೆ ಕೂತು ನೋಡ್ತಿದಾಳೆ, ಹೆಂಗೆ ಬೇಡ ಅನ್ನೋದು. ಒಂದು ರಾತ್ರಿ ತಾನೆ, ಉಪವಾಸ ಮಾಡಿ ಅಭ್ಯಾಸ ಇಲ್ವಾ ನಮಗೆ." ಮೇಷ್ಟ್ರು ಕೇಳಿದ್ದಕ್ಕೆ ಹಸಿವಿಲ್ಲ ಅಂದ್ರಂತೆ. ನಮ್ಮ ಮನೆಗಳಲ್ಲಿ ಬೆಳೆದ ಯಾವ ಹೆಣ್ಣುಮಗಳೂ ಅದನ್ನೇ ಹೇಳ್ತಿದ್ಲು, ಅದಕ್ಕೇ ಇದು ಇಷ್ಟು ಅಪಾಯ.

ಬೆಳಗ್ಗೆ ತಿಂಡಿ ಬ್ರೆಡ್ ಟೋಸ್ಟು, ಬೇಯಿಸಿದ ಮೊಟ್ಟೆ, ಜಾಮು, ಇನ್‌ಸ್ಟಂಟ್ ಕಾಫಿ. ಶುಗರ್ ಇದೆ ಅಂತ ಜಾಮು ಬೇಡ, ಮೊಟ್ಟೆ ತಿನ್ನಲ್ಲ, ಒಂದು ತುಂಡು ಬ್ರೆಡ್ಡು ಸಕ್ಕರೆ ಇಲ್ಲದ ಕಾಫಿಲಿ ಅದ್ದಿ ತಿಂದ್ರು. ಮಾತ್ರೆ ಮಾತ್ರ ಯಾವತ್ತಿನ ಹಂಗೇ ಪೂರ್ತಿ ನುಂಗಿದ್ರು, ಮಾತ್ರೆ ತಪ್ಪಿಸ್ಬಾರ್ದು ಅಂತ ಇಷ್ಟು ವರ್ಷದಿಂದ ಡಾಕ್ಟ್ರು ಹೇಳಿಹೇಳಿ ತಲೆಲಿ ಕೂತಿತ್ತು.

ಗುಡ್ಡದ ಮೇಲೆ

ಎರಡನೇ ದಿನ ಏರು ಜಾಸ್ತಿ. ಹೊರಟು ಒಂದೂವರೆ ಗಂಟೆ ಆಗಿರ್ಬಹುದು, ಸರೋಜಕ್ಕ ಹಿಂದೆ ಬಿದ್ರು. ಮೇಷ್ಟ್ರು, ಸಾಮಾನು ಹೊತ್ತಿದ್ದ ಹುಡುಗ, ಪ್ರಕಾಶಣ್ಣನ ಮನೆಯವರು ಮುಂದೆ ಹೋಗಿದ್ರು. ಶುಗರ್ ನೋಡೋ ಮೆಷಿನ್ನು ಮೇಷ್ಟ್ರ ಬ್ಯಾಗಲ್ಲಿ, ಸಕ್ಕರೆ ಪೊಟ್ಟಣ ಆ ಹುಡುಗನ ಬುಟ್ಟಿಲಿ, ಅಂದ್ರೆ ಬೇಕಾಗಿದ್ದ ಎರಡೂ ವಸ್ತು ಮುಂದಿನ ತಿರುವು ದಾಟಿ ಹೋಗಿದ್ವು.

ಮೊದಲು ಆಗಿದ್ದು ಏನಂದ್ರೆ ಅವರು ಗಿರಿಜಮ್ಮನ ಮೇಲೆ ಸಿಡುಕಿದ್ರು, ಬೇಗ ಬಾ ಅಂದಿದ್ದಕ್ಕೆ. ಅದು ಅವರ ಸ್ವಭಾವ ಅಲ್ಲ. ಆಮೇಲೆ ಬೆವರು, ಡಿಸೆಂಬರ್ ಬೆಳಗ್ಗೆ ನೆರಳಲ್ಲಿ ಉಳಿದೋರಿಗೆ ಸ್ವೆಟರ್ ಬಿಚ್ಚೋಕೆ ಮನಸ್ಸಿಲ್ಲದ ಚಳಿಲಿ ಅವರ ರವಿಕೆ ಒದ್ದೆ ಆಗಿತ್ತು. ಕೈ ನಡುಕ. ಒಂದು ಕಲ್ಲಿನ ಮೇಲೆ ಕೂತ್ರು.

ಇಲ್ಲಿಂದ ಮುಂದೆ ಸುಮಾರು ಹತ್ತು ನಿಮಿಷ ಎಲ್ಲರೂ ಒಳ್ಳೇ ಮನಸ್ಸಿಂದಾನೇ ಬೇರೆ ಬೇರೆ ದಾರಿ ಹಿಡಿದ್ರು. ಪ್ರಕಾಶಣ್ಣ ಇದು ಎತ್ತರದಿಂದ ಆಗಿದ್ದು ಅಂದ್ಕೊಂಡ್ರು, ಡೊಯಿ ಇಂತನಾನ್ 2,565 ಮೀಟರ್ ಅಂತ ಓದಿದ್ದು ತಲೆಲಿತ್ತು. ಆದ್ರೆ ಅವರು ನಡೀತಿದ್ದಿದ್ದು ಆ ಬೆಟ್ಟದ ಮೇಲಲ್ಲ, ಸಾವಿರ ಮೀಟರ್ ಆಸುಪಾಸಿನ ಪಕ್ಕದ ಗುಡ್ಡದಲ್ಲಿ, ನಮ್ಮ ದೇವರಾಯನದುರ್ಗನೇ ಹೆಚ್ಚುಕಮ್ಮಿ 1,200 ಮೀಟರ್ ಇದೆ, ಆ ಎತ್ತರಕ್ಕೆ ಯಾರಿಗೂ ಹಂಗಾಗಲ್ಲ. ಗಿರಿಜಮ್ಮ ಪಿತ್ತ ಏರಿದೆ, ರಾತ್ರಿ ಊಟ ಸೇರಿಲ್ಲ ಅಂದ್ರು. ಮಂಜು ಓಆರ್‌ಎಸ್ ಕಲಸಿ ಕುಡಿಸಿದ. ಓಆರ್‌ಎಸ್ ಬಗ್ಗೆ ನಮ್ಮ ಜನಕ್ಕೆ ಬಹಳ ನಂಬಿಕೆ, ಭೇದಿ ವಾಂತಿಗೆ ಅದು ಪ್ರಾಣ ಉಳಿಸೋ ವಸ್ತುನೇ, ಆದ್ರೆ ಒಂದು ಲೀಟರ್‌ಗೆ ಅದ್ರಲ್ಲಿ ಗ್ಲೂಕೋಸ್ ಇರೋದು 13.5 ಗ್ರಾಂ, ಒಂದು ಲೋಟ ಕುಡಿದ್ರೆ ಮೂರು ಗ್ರಾಂ ಕೂಡ ಹೋಗಲ್ಲ, ಇಳಿದಿರೋ ಶುಗರ್‌ಗೆ ಅದು ಎಲ್ಲಿಗೂ ಸಾಲಲ್ಲ. ಆಮೇಲೆ ಚಾಕ್ಲೇಟ್ ಕೊಟ್ರು, ಚಾಕ್ಲೇಟಲ್ಲಿ ಕೊಬ್ಬಿರೋದ್ರಿಂದ ಅದರ ಸಕ್ಕರೆ ರಕ್ತಕ್ಕೆ ಸೇರೋದು ನಿಧಾನ.

ದಿವ್ಯಾ ಸ್ವಲ್ಪ ಹಿಂದೆ ಫೋಟೋ ತೆಗೀತಾ ಬರ್ತಿದ್ಲು. ಅವಳು ತುಮಕೂರಲ್ಲಿ ಒಂದು ಮೆಡಿಕಲ್ ಸ್ಟೋರ್‌ನಲ್ಲಿ ಕೆಲಸ ಮಾಡೋದು. ಬಂದವಳು ದೊಡ್ಡಮ್ಮನ ಮುಖ ನೋಡಿ ಕೇಳಿದ್ದು ಒಂದೇ, "ದೊಡ್ಡಮ್ಮ, ಬೆಳಗ್ಗೆ ಏನ್ ತಿಂದೆ? ಮಾತ್ರೆ ತಗೊಂಡ್ಯಾ?" ಪ್ರಕರಣ ತಿರುಗಿದ್ದೇ ಇಲ್ಲಿ. ಅಲ್ಲಿವರೆಗೂ ಏನಾಗ್ತಿದೆ ಅಂತ ಎಲ್ಲರೂ ಕೇಳಿದ್ರು, ಏನು ತಿಂದೆ ಅಂತ ಯಾರೂ ಕೇಳಿರ್ಲಿಲ್ಲ. ಸರೋಜಕ್ಕನ ಉತ್ತರ ತೊದಲಾಗಿತ್ತು, ಅದಕ್ಕೆ ಗಿರಿಜಮ್ಮ ಬಾಯಿಬಿಟ್ರು, ರಾತ್ರಿಯಿಂದ ಇಬ್ರೂ ಸರಿಯಾಗಿ ಉಂಡಿಲ್ಲ ಅಂತ.

ಗೈಡ್ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದ್ರು, ಮುಂದಿದ್ದ ಹುಡುಗ ಬುಟ್ಟಿ ಸಮೇತ ಓಡಿ ಬಂದ, ಹಿಂದೆ ಮೇಷ್ಟ್ರು. ಮೆಷಿನ್ ತೋರಿಸಿದ್ದು 54. ಎಪ್ಪತ್ತಕ್ಕಿಂತ ಕೆಳಗಿದ್ರೇನೇ ಲೋ ಅನ್ನೋದು. ನಾಲ್ಕು ಚಮಚ ಸಕ್ಕರೆ ಅರ್ಧ ಲೋಟ ನೀರಲ್ಲಿ ಕದಡಿ ಕುಡಿಸಿದ್ರು, ಅವರಿಗೆ ನುಂಗೋಕೆ ಆಗ್ತಿತ್ತು ಅನ್ನೋದೇ ಪುಣ್ಯ, ಎಚ್ಚರ ತಪ್ಪಿದೋರ ಬಾಯಿಗೆ ಏನೂ ಹಾಕೋ ಹಂಗಿಲ್ಲ, ಉಸಿರಿನ ದಾರಿಗೆ ಹೋಗ್ಬಿಡುತ್ತೆ. ಹದಿನೈದು ನಿಮಿಷ ಕಾದು ಮತ್ತೆ ನೋಡಿದ್ರೆ 78. ನಡುಕ ನಿಂತಿತ್ತು. ಇನ್ನೆರಡು ಚಮಚ ಕೊಟ್ಟು, ಬಾಳೆ ಎಲೆಲಿ ಕಟ್ಟಿದ್ದ ಅನ್ನ, ಬಾಳೆಹಣ್ಣು ತಿನ್ನಿಸಿದ್ರು.

ಮುಂದಕ್ಕೋ ಕೆಳಕ್ಕೋ

ಅರ್ಧ ಗಂಟೆಲಿ ಸರೋಜಕ್ಕ ಮಾಮೂಲಿ ಮಾತಾಡ್ತಿದ್ರು, ನಡೀತೀನಿ ಅಂದ್ರು. ಇಲ್ಲೇ ಎಷ್ಟೋ ತಂಡಗಳು ಹೊರಟ್ಬಿಡ್ತವೆ, ಸರಿ ಹೋಯ್ತಲ್ಲ ಅಂತ. ದಿವ್ಯಾ ಒಪ್ಪಲಿಲ್ಲ. ಆ ಮಾತ್ರೆ ಇನ್ನೂ ಒಳಗಡೆ ಕೆಲಸ ಮಾಡ್ತಾನೇ ಇರುತ್ತೆ, ಈ ಸಕ್ಕರೆ ಕರಗಿದ್ಮೇಲೆ ಮತ್ತೆ ಇಳೀಬಹುದು, ನಡೆದ್ರೆ ಇನ್ನೂ ಬೇಗ ಇಳಿಯುತ್ತೆ ಅಂತ ಅವಳ ವಾದ. ಅದು ಸರಿಯಾದ ವಾದ.

ಗೈಡ್ ಎದುರಿಗಿದ್ದಿದ್ದು ಎರಡು ದಾರಿ. ಅಂದುಕೊಂಡಿದ್ದ ಹಳ್ಳಿಗೆ ಇನ್ನೂ ಮೂರು ಗಂಟೆ, ನಡುವೆ ಹಳ್ಳ ದಾಟ್ಬೇಕು, ಎಲ್ಲೂ ಗಾಡಿ ಬರಲ್ಲ. ಎಡಕ್ಕೆ ಇಳಿದ್ರೆ ಮುಕ್ಕಾಲು ಗಂಟೆಗೆ ಒಂದು ಸಣ್ಣ ಕರೆನ್ ಹಟ್ಟಿ, ಮಣ್ಣು ರಸ್ತೆ ಇದೆ, ಪಿಕಪ್ ಇಟ್ಕೊಂಡಿರೋ ಒಂದು ಮನೆ ಇದೆ. ಪ್ರಕಾಶಣ್ಣ ತಂಡನ ಎರಡು ಮಾಡೋಣ ಅಂದ್ರು, ಮೇಷ್ಟ್ರು ದಂಪತಿ ಆ ಹುಡುಗನ ಜೊತೆ ಇಳೀಲಿ, ಉಳಿದೋರು ಗೈಡ್ ಜೊತೆ ಮುಂದೆ ಹೋಗೋಣ, ದುಡ್ಡು ಕಟ್ಟಿದೀವಿ, ಆ ಹಳ್ಳಿಯವರೂ ಕಾಯ್ತಿರ್ತಾರೆ. ಅದಕ್ಕೆ ಮೇಷ್ಟ್ರೂ ಹೌದು ಅಂದ್ರು, ನಮ್ಮಿಂದ ನಿಮ್ಮ ಟ್ರಿಪ್ ಯಾಕೆ ಕೆಡ್ಬೇಕು, ನೀವು ಹೋಗಿ ಬನ್ನಿ. ನೋಡಿ, ಹಿಂದಿನ ರಾತ್ರಿ ಹೆಂಡ್ತಿ ಬಾಯಿ ಮುಚ್ಚಿಸಿದ್ದ ಅದೇ ಸಂಕೋಚ ಈಗ ಗಂಡನ ಬಾಯಲ್ಲಿ. ಗಿರಿಜಮ್ಮ ಒಂದೇ ಮಾತು ಅಂದ್ರು, "ಭಾವ, ಅಕ್ಕನ್ನ ಹಿಂಗೆ ಬಿಟ್ಟು ನಾನೆಲ್ಲಿಗೆ ಹೋಗ್ಲಿ."

ಗೈಡ್ ಎಲ್ಲಾ ಕೇಳಿಸ್ಕೊಂಡು ಬೇಡ ಅಂದ್ರು. ಆ ಹುಡುಗನಿಗೆ ನಿಮ್ಮ ಮಾತು ಅರ್ಥ ಆಗಲ್ಲ, ನಿಮಗೆ ಅವನದ್ದು ಅರ್ಥ ಆಗಲ್ಲ, ದಾರೀಲಿ ಇನ್ನೊಂದ್ಸಲ ಹಿಂಗಾದ್ರೆ ಯಾರು ಯಾರಿಗೆ ಹೇಳೋದು, ರಸ್ತೆ ಸಿಗೋವರೆಗೂ ಎಲ್ಲರೂ ಒಟ್ಟಿಗೇ ನನ್ನ ಜೊತೆ, ರಸ್ತೆ ಸಿಕ್ಕಿದ್ಮೇಲೆ ನೀವು ಏನಾದ್ರೂ ತೀರ್ಮಾನ ಮಾಡಿ. ಪ್ರಕಾಶಣ್ಣ ಆಗ ಬೇಜಾರು ಮಾಡ್ಕೊಂಡಿದ್ದು ನಿಜ, ಈಗ ಅವರೇ ಹೇಳ್ತಾರೆ ಆ ಮನುಷ್ಯ ಆಗ ಗಟ್ಟಿ ನಿಂತಿದ್ದಕ್ಕೆ ನಾವು ಚೆನ್ನಾಗಿ ಬಂದ್ವಿ ಅಂತ.

ಹಟ್ಟಿಲಿ ಇಳಿದ್ಮೇಲೆ ಇನ್ನೊಂದು ಪ್ರಶ್ನೆ, ಸೀದಾ ಆಸ್ಪತ್ರೆಗೆ ಹೋಗೋದೋ ಬೇಡ್ವೋ. ಅಲ್ಲಿ ಒಂದು ದಿಬ್ಬದ ಮೇಲೆ ಸಿಗ್ನಲ್ ಸಿಗ್ತಿತ್ತು, ಗೈಡ್ ಫೋನಿಂದ ತುಮಕೂರಿನ ಅವರ ಡಾಕ್ಟ್ರಿಗೆ ಮಾತಾಡಿದ್ರು. ನಮ್ಮ ಟೈಮ್ ಅಲ್ಲಿಗಿಂತ ಒಂದೂವರೆ ಗಂಟೆ ಹಿಂದೆ, ಡಾಕ್ಟ್ರು ಕ್ಲಿನಿಕ್‌ನಲ್ಲೇ ಸಿಕ್ರು. ಹೊಟ್ಟೆ ತುಂಬಾ ಊಟ ಕೊಡಿ, ಎರಡು ಗಂಟೆಗೊಮ್ಮೆ ಶುಗರ್ ನೋಡಿ, ಮಧ್ಯರಾತ್ರಿನೂ ಎಬ್ಬಿಸಿ ನೋಡಿ, ನಾಳೆ ಬೆಳಗ್ಗೆ ಆ ಮಾತ್ರೆ ಬೇಡ, ವಾಂತಿ ಆದ್ರೆ ಅಥವಾ ಮತ್ತೆ ಎಪ್ಪತ್ತಕ್ಕಿಂತ ಇಳಿದ್ರೆ ಒಂದು ನಿಮಿಷನೂ ಕಾಯ್ಬೇಡಿ ಆಸ್ಪತ್ರೆ ಅಂದ್ರು. ಇದು ಅವರ ಡಾಕ್ಟ್ರು ಅವರ ಸ್ಥಿತಿ ನೋಡಿ ಅವರಿಗೆ ಹೇಳಿದ್ದು, ಓದೋರು ಇದನ್ನೇ ತಮ್ಮ ಮಾತ್ರೆಗೆ ಹಾಕ್ಕೊಬಾರ್ದು. ಪಿಕಪ್ ಮನೆಯವರು ರಾತ್ರಿ ಪೂರ್ತಿ ಗಾಡಿನ ರಸ್ತೆ ಕಡೆ ಮುಖ ಮಾಡಿ ನಿಲ್ಲಿಸಿದ್ರು. ಗಾಡಿ ಇಲ್ಲದ ಜಾಗ ಆಗಿದ್ರೆ, ಅಥವಾ ಮೆಷಿನ್ ಇಲ್ಲದೇ ಹೋಗಿದ್ರೆ, ನನ್ನ ಪ್ರಕಾರ ಉಳ್ಕೊಳ್ಳೋ ತೀರ್ಮಾನ ತಪ್ಪಾಗ್ತಿತ್ತು. ಥೈಲ್ಯಾಂಡಲ್ಲಿ ಆಂಬ್ಯುಲೆನ್ಸ್‌ಗೆ 1669, ಟೂರಿಸ್ಟ್ ಪೊಲೀಸ್‌ಗೆ 1155, ಈ ಎರಡು ನಂಬರ್ ದಿವ್ಯಾ ಅವತ್ತೇ ಎಲ್ಲರ ಫೋನಿಗೂ ಹಾಕಿದ್ಲು.

ಒಲೆ ಹತ್ರ

ಇನ್ನು ಊಟ. ಗೈಡ್‌ಗೆ ಆಗ್ಲೇ ಪೂರ್ತಿ ವಿಷಯ ಗೊತ್ತಾಗಿತ್ತು, ಅವರು ಮನೆಯಾಕೆ ಹತ್ರ ಕರೆನ್ ಮಾತಲ್ಲಿ ಏನೋ ಹೇಳಿದ್ರು, ಆಕೆ ಎದ್ದು ಗಿರಿಜಮ್ಮನ ಕೈ ಹಿಡ್ಕೊಂಡು ಹಿತ್ತಲಿಗೆ ಕರ್ಕೊಂಡು ಹೋದ್ಲು. ಅಲ್ಲಿ ಏನಿತ್ತು ಗೊತ್ತಾ, ಸಿಹಿಗುಂಬಳ, ಸಾಸಿವೆ ಸೊಪ್ಪು, ಚಪ್ಪರದ ತುಂಬಾ ಸೀಮೆಬದನೆ ಬಳ್ಳಿ. ನಾವು ಸೀಮೆಬದನೆ ಕಾಯಿ ಮಾತ್ರ ತಿನ್ನೋದು, ಅವರು ಅದರ ಕುಡಿನ ಕಿತ್ತು ಸೊಪ್ಪಿನ ಹಂಗೆ ಹುರೀತಾರೆ.

ಮೀನಿನ ಸಾಸಿನ ಬಾಟ್ಲಿ, ಅಂಗಡಿ ರುಚಿಪುಡಿ (ಅದ್ರಲ್ಲಿ ಹಂದಿದೋ ಕೋಳಿದೋ ರಸ ಇರುತ್ತೆ) ಎರಡನ್ನೂ ಗೈಡೇ ಎತ್ತಿ ಆಚೆ ಇಟ್ರು. ಬಾಣಲೆನ ಬೂದಿ ಹಾಕಿ ಉಜ್ಜಿ ಕೊಟ್ರು, ಇದನ್ನ ಗಿರಿಜಮ್ಮ ಕೇಳಿರ್ಲಿಲ್ಲ, ಮನೆಯಾಕೆ ತಾನಾಗೇ ಮಾಡಿದ್ದು. ಕೆಂಡದಲ್ಲಿ ಮೆಣಸಿನಕಾಯಿ, ಬೆಳ್ಳುಳ್ಳಿ ಸುಟ್ಟು ಉಪ್ಪು ಹಾಕಿ ಆಕೆ ಒರಳಲ್ಲಿ ಕುಟ್ಟಿದ್ಲು, ಗಿರಿಜಮ್ಮ ಗುಂಬಳಕಾಯಿ ಬೇಯಿಸಿ ಒಗ್ಗರಣೆ ಇಲ್ಲದೆ ಪಲ್ಯ ಮಾಡಿದ್ರು, ಸೀಮೆಬದನೆ ಕುಡಿ ಹುರಿದಿದ್ದು, ಹೊಸ ಭತ್ತದ ಅನ್ನ. ಎಲ್ಲರೂ ಅದನ್ನೇ ಉಂಡ್ರು, ಮಾಂಸ ತಿನ್ನೋರೂ. ಸರೋಜಕ್ಕ ಮೂರು ಸಲ ಅನ್ನ ಹಾಕಿಸ್ಕೊಂಡ್ರಂತೆ. ರಾತ್ರಿ ಊಟ ಆಗಿ ಎರಡು ಗಂಟೆಗೆ ಶುಗರ್ 168, ಮಧ್ಯರಾತ್ರಿ 121, ಬೆಳಗ್ಗೆ 109.

ಮನೆಯಾಕೆಗೆ ಇವರು ಊಟ ಬಿಟ್ಟ ವಿಷಯ ಕೇಳಿ ಬೇಜಾರಾಯ್ತಂತೆ, ಗೈಡ್ ಮೂಲಕ ಹೇಳಿಸಿದ್ಲು, ನಮ್ಮಲ್ಲೂ ವರ್ಷದ ಎಷ್ಟೋ ದಿನ ಅನ್ನ, ಮೆಣಸಿನಕಾಯಿ, ಸೊಪ್ಪೇ ಊಟ, ಕೇಳಿದ್ರೆ ಅದನ್ನೇ ಕೊಡ್ತಿದ್ವಿ, ವಿಶೇಷದ್ದು ಮಾಡ್ಬೇಕು ಅಂತ ಪೇಟೆಯಿಂದ ಹೊತ್ಕೊಂಡು ಬರೋದು ನಿಮಗೋಸ್ಕರ. ಸರೋಜಕ್ಕ ಯಾರ ಮನಸ್ಸು ನೋಯಿಸ್ಬಾರ್ದು ಅಂತ ಉಪವಾಸ ಮಲಗಿದ್ರೋ, ಅವರು ಕೇಳಿದ್ರೆ ಸಲೀಸಾಗಿ ಕೊಡ್ತಿದ್ರು.

ಆಮೇಲೆ ಬದಲಾಗಿದ್ದು

ಮೂರನೇ ದಿನ ನಡೀಲಿಲ್ಲ, ಪಿಕಪ್‌ನಲ್ಲಿ ಹೊಳೆ ಹತ್ರ ಬಂದು, ಇಷ್ಟ ಇದ್ದೋರು ತೆಪ್ಪದಲ್ಲಿ ಹೋದ್ರು. ಊರಿಗೆ ಬಂದ್ಮೇಲೆ ಡಾಕ್ಟ್ರು ಸರೋಜಕ್ಕನ ಮಾತ್ರೆ ಬದಲಾಯಿಸಿದಾರೆ. ಜಾಸ್ತಿ ನಡಿಗೆ, ಅನಿಶ್ಚಿತ ಊಟ ಇರೋ ಜಾಗಕ್ಕೆ ಹೋಗೋ ಮುಂಚೆ ಮಾತ್ರೆ ವಿಷಯ ಡಾಕ್ಟ್ರ ಹತ್ರ ಮಾತಾಡ್ಬೇಕು ಅನ್ನೋದು ಅವರಿಗೆ ಯಾರೂ ಹೇಳಿರ್ಲಿಲ್ಲ, ಅವರೂ ಕೇಳಿರ್ಲಿಲ್ಲ. ಶುಗರ್ ಇರೋರು ಬೆಟ್ಟ ಕಾಡು ಬಿಟ್ಟು ಮನೇಲಿ ಕೂರ್ಬೇಕು ಅಂತ ಯಾರಾದ್ರೂ ಈ ಪ್ರಕರಣ ಓದಿ ಅಂದ್ಕೊಂಡ್ರೆ ಅದು ಪೂರ್ತಿ ತಪ್ಪು. ಆ ಅಕ್ಕ ಆ ತಂಡದಲ್ಲಿ ಎಲ್ಲರಿಗಿಂತ ಗಟ್ಟಿ ಕಾಲಿನೋರು.

ಈ ಪ್ರಕರಣ ಕೇಳಿದ್ಮೇಲೆ ಇಲ್ಲಿಂದ ಹೊರಡೋ ಬೇರೆ ತಂಡಗಳ ಜೊತೆ ನಾವು ಕೂತು ಮಾತಾಡುವಾಗ ಕೆಲವು ವಿಷಯ ಗಟ್ಟಿಯಾಗಿ ಹೇಳ್ತಿದೀವಿ. ಸಸ್ಯಾಹಾರ ಅಂದ್ರೆ ಏನೇನು ಬೇಡ ಅಂತ ಒಂದೊಂದೇ ಹೆಸರು ಬರೆದು, ಮೀನಿನ ಸಾಸು, ಸೀಗಡಿ ಪೇಸ್ಟು, ಆಯ್ಸ್ಟರ್ ಸಾಸು, ರುಚಿಪುಡಿ, ಮೊಟ್ಟೆ, ಥಾಯ್ ಭಾಷೆಲಿ ಪ್ರಿಂಟ್ ತೆಗೆದು ಗೈಡ್ ಕೈಗೇ ಕೊಡಿ, ಅದೂ ಅವರು ಪೇಟೆಲಿ ಸಾಮಾನು ತಗೊಳ್ಳೋಕೆ ಮುಂಚೆ, ಗುಡ್ಡ ಹತ್ತಿದ್ಮೇಲೆ ಹೇಳಿದ್ರೆ ಅವರಾದ್ರೂ ಏನ್ ಮಾಡ್ತಾರೆ. ಅಲ್ಲಿ ಜೇ ಅನ್ನೋ ಸಸ್ಯಾಹಾರ ಪದ್ಧತಿ ಇದೆ, ಮಾಂಸ ಮೀನು ಮೊಟ್ಟೆ ಹಾಲು ಈರುಳ್ಳಿ ಬೆಳ್ಳುಳ್ಳಿ ಯಾವುದೂ ಇಲ್ಲದ್ದು, ಹಳದಿ ಮೇಲೆ ಕೆಂಪು ಅಕ್ಷರದ ಗುರುತಿರೋ ಸಾಮಾನು ಅಂಗಡಿಗಳಲ್ಲಿ ಸಿಗುತ್ತೆ, ಅದನ್ನ ತಗೊಳ್ಳೋಕೆ ಗೈಡ್‌ಗೆ ಹೇಳ್ಬಹುದು. ಕಾಯಿಲೆ ಇದ್ರೆ ಮುಚ್ಚಿಡಬೇಡಿ, ಮುಚ್ಚಿಟ್ರೆ ಗೈಡ್ ನಿಮ್ಮನ್ನ ನಡೆಸೋದು ಕಣ್ಣು ಕಟ್ಕೊಂಡು. ಮೆಷಿನ್ನು, ಸಕ್ಕರೆ ಅಥವಾ ಗ್ಲೂಕೋಸ್ ಪುಡಿ, ಇವೆರಡು ಶುಗರ್ ಇರೋರ ಮೈಮೇಲೇ ಇರ್ಬೇಕು, ಗಂಡನ ಬ್ಯಾಗಲ್ಲಲ್ಲ.

ಇನ್ನು ನಮ್ಮದೇ ಬುತ್ತಿ. ಹುರಿಹಿಟ್ಟು, ಬೆಲ್ಲ, ಹುರಿದ ಕಡ್ಲೆಬೀಜ, ಚಟ್ನಿಪುಡಿ, ಅವಲಕ್ಕಿ. ಹುರಿಹಿಟ್ಟಿಗೆ ಒಲೆನೇ ಬೇಡ, ನೀರು ಬೆಲ್ಲ ಹಾಕಿ ಕಲಸಿದ್ರೆ ಹೊಟ್ಟೆ ನಿಲ್ಲುತ್ತೆ. ನಮ್ಮ ಅಜ್ಜಂದಿರು ಪರಿಷೆಗೆ ನಡ್ಕೊಂಡು ಹೋಗೋವಾಗ ಕಟ್ಟಿಸ್ಕೊಂಡು ಹೋಗ್ತಿದ್ದಿದ್ದೇ ಅದು. ಈ ತಂಡದಲ್ಲಿ ಗಿರಿಜಮ್ಮ ಒಂದು ಡಬ್ಬಿ ಹುರಿಹಿಟ್ಟು ತುಮಕೂರಿಂದ ತಂದಿದ್ರು, ತೂಕ ಜಾಸ್ತಿ ಆಗುತ್ತೆ ಅಂತ ಚಿಯಾಂಗ್ ಮಾಯ್ ಹೋಟೆಲ್‌ನಲ್ಲೇ ಸೂಟ್‌ಕೇಸಲ್ಲಿ ಬಿಟ್ಟು ಬಂದಿದ್ರು.

ಆದ್ರೆ ಬುತ್ತಿ ಇದೆ ಅಂತ ಅಲ್ಲಿನ ಊಟ ಬಿಡೋದೂ ನನಗೆ ಸರಿ ಕಾಣಲ್ಲ. ಅವರ ಹಿತ್ತಲಲ್ಲಿ ಬೆಳೆದಿದ್ದನ್ನ ಕೇಳಿ ಕೊಂಡು ಉಣ್ಣೋದ್ರಲ್ಲಿ ಆ ಮನೆಗೂ ನಾಲ್ಕು ಕಾಸು ಸೇರುತ್ತೆ, ಪೇಟೆ ಸಾಮಾನು ಹೊತ್ತೊಯ್ದು ಅವರ ಒಲೇಲಿ ಬೇಯಿಸ್ಕೊಂಡು ಬಂದ್ರೆ ಅವರಿಗೆ ಸಿಗೋದು ಜಾಗದ ಬಾಡಿಗೆ ಮಾತ್ರ.

ದುಡ್ಡಿನ ಮಾತು ಬಂದಿದ್ದಕ್ಕೆ ಇದೂ ಹೇಳ್ಬೇಕು. ಎರಡನೇ ರಾತ್ರಿ ಇವರಿಗಾಗಿ ಕಾಯ್ತಿದ್ದ ಹಳ್ಳಿಲಿ ಒಂದು ಮನೆಯವರು ಹಾಸಿಗೆ ಸೊಳ್ಳೆಪರದೆ ಎಲ್ಲಾ ಹಾಕಿ, ನೀರು ಸೌದೆ ತುಂಬಿಟ್ಟಿದ್ರು. ತಂಡ ಹೋಗದೇ ಇದ್ದಿದ್ರಿಂದ ಆ ಮನೆಗೆ ಬರ್ಬೇಕಾದ್ದು ಬರ್ಲಿಲ್ಲ, ಹಟ್ಟಿಯ ಮನೆಯವರ ಹೆಸರು ಯಾವ ಲೆಕ್ಕದಲ್ಲೂ ಇರ್ಲಿಲ್ಲ. ಏಜೆಂಟ್ ಕಡೆಯೋರು ಪ್ಯಾಕೇಜ್ ಅದೇ, ಹೆಚ್ಚಿಗೆ ಏನೂ ಕೊಡಲ್ಲ ಅಂದ್ರು. ಮೇಷ್ಟ್ರು ಮತ್ತೆ ಪ್ರಕಾಶಣ್ಣ ಸೇರಿ ಎರಡೂ ಮನೆಗೂ ಪೂರ್ತಿ ಒಂದು ರಾತ್ರಿದು ಕೊಡೋಣ ಅಂತ ತೀರ್ಮಾನ ಮಾಡಿದ್ರು, ಪಿಕಪ್‌ನವರಿಗೆ ಬೇರೆ. ಮಾರನೇ ದಿನ ಬೆಳಗ್ಗೆ ಆ ಸಾಮಾನು ಹೊರೋ ಹುಡುಗ ಹಟ್ಟಿಯವರ ಬೈಕ್ ತಗೊಂಡು ಆ ಹಳ್ಳಿಗೆ ಹೋಗಿ ದುಡ್ಡು ಕೊಟ್ಟು ಬಂದ. ದಾರಿ ಬದಲಾದ್ರೆ ಕಾದಿದ್ದ ಮನೆಗೆ ಯಾರು ಕೊಡೋದು ಅಂತ ಬುಕ್ ಮಾಡೋವಾಗ್ಲೇ ಬರಹದಲ್ಲಿ ಕೇಳಿ ಅಂತ ಈಗ ಪ್ರಕಾಶಣ್ಣನೇ ಹೊಸಬರಿಗೆ ಹೇಳ್ತಿದಾರೆ, ಇಲ್ಲಿವರೆಗೂ ಕೇಳಿದ ಏಜೆಂಟ್‌ಗಳಲ್ಲಿ ಒಬ್ರು ಮಾತ್ರ ಬರೆದು ಕೊಟ್ಟಿದಾರೆ, ಮುಂದಿನ ತಂಡ ಅವರ ಮೂಲಕಾನೇ ಹೋಗ್ತಿದೆ.